ಚಿಕ್ಕಮಾವನ ಸೋಪೂ ದೇವರ ಬಾವಿಯೂ

ನಮ್ಮ ಚಿಕ್ಕಮಾವನವರಿಗೆ ಕಾಫಿ ಕೊಟ್ಟರೆ ಮೊದಲು ಕೇಳುತ್ತಿದ್ದದ್ದು, "ಯಾವ ಬಾವಿ ನೀರವ್ವ ಇದು?" ಹಾಲು ಯಾವ ಹಸುವಿನದು ಅಂದಿದ್ದರೆ ಅರ್ಥವಿತ್ತು! ಹುಣಸೂರಿನಲ್ಲೆಲ್ಲ ನೀರಿನ ಮೇಲೆ ಹಗೆ ಸಾಧಿಸಿದವರು ಅವರೊಬ್ಬರೇ.

ಇದಕ್ಕೆಲ್ಲ ಮೂಲ ಸೋಪು. ಬೂದಿ, ಚೌಳುಮಣ್ಣು ಹಾಕಿ ಬಟ್ಟೆ ಪಾತ್ರೆ ತಿಕ್ಕಿ ತಿಕ್ಕಿ ಚಿಕ್ಕತ್ತೆಯ ಬೆರಳೆಲ್ಲ ಸೀಳಿ, ದೇವರಿಗೆ ಹೂ ಕಟ್ಟುವುದೇ ನಿಂತುಹೋಗಿತ್ತು. ದಾರ ಸೀಳಿನೊಳಕ್ಕೇ ಇಳಿಯುತ್ತಿತ್ತು, ಪಾಪ.

"ಅದಕ್ಕೇ ಸೋಪು ಮಾಡ್ತೀರಾ ಮಾವ?" ಅಂದರೆ ಉರಿದುಬೀಳುವರು. "ಹೆಂಡ್ತಿ ಕೈಗೋಸ್ಕರ ಒಲೆ ಊದಾಕೆ ನಂಗೇನು ತಲೆ ಕೆಟ್ಟದಾ? ಇದು ವ್ಯಾಪಾರ ಕಣವ್ವ, ವ್ಯಾಪಾರ!"

ಬೂದಿನೀರು, ಸುಣ್ಣ, ಕೊಬ್ಬರಿ ಎಣ್ಣೆ ಕುದಿಸಿ, ಮನೆ ಬಾವಿಯ ನೀರು ಬೆರೆಸಿಟ್ಟರು. ಬೆಳಗಾಗುವಷ್ಟರಲ್ಲಿ ಒಡೆದ ಹಾಲಿನಂತೆ ಮೇಲೆ ಗಂಟು, ಕೆಳಗೆ ನೀರು!

"ಯಾರ ಕಣ್ಣು ಬಿತ್ತೋ!" ಅಂದರು ಮಾವ.

"ನಮ್ಮ ಬಾವಿ ನೀರಲ್ಲಿ ಬೇಳೇನೇ ಬೇಯಾಕಿಲ್ಲ, ನಿಮ್ಮ ಸೋಪು ಬೇಯ್ತದಾ?" ಅಂದರು ಚಿಕ್ಕತ್ತೆ. ಹಗೆ ಶುರುವಾದದ್ದೇ ಆವಾಗ.

ಮಾವ ಹೊಳೆಯಿಂದ ನೀರು ಹೊತ್ತು ತಂದರು. ಬೇಸಗೆಯ ಹೊಳೆ, ಎಮ್ಮೆಗಳು ಮಿಂದ ನೀರು. ಸೋಪು ಒಡೆಯಲಿಲ್ಲ ನಿಜ, ಆದರೆ ವಾರದೊಳಗೆ ಎಮ್ಮೆಯಂತೆಯೇ ನಾರಿತು! ಈ ನಡುವೆ ಮಾವನ ಬಲಗೆನ್ನೆ ಸದಾ ಕೆಂಪು. ಕೇಳಿದರೆ, "ಕ್ಷೌರದವನ ಕತ್ತಿ ಮೊಂಡು" ಅನ್ನುವರು.

ಕೊನೆಗೆ ದೇವಸ್ಥಾನದ ಬಾವಿ. ಅಭಿಷೇಕದ ನೀರಿಗಿಂತ ಶುದ್ಧ ಯಾವುದಿದೆ? ಒದ್ದೆ ಪಂಚೆಯುಟ್ಟು ಮಡಿಯಲ್ಲೇ ತಂದರು. ಆ ಸೋಪು ಒಡೆದಷ್ಟು ಯಾವುದೂ ಒಡೆಯಲಿಲ್ಲ!

"ದೇವರ ನೀರೂ ಸವುಳು ಕಣವ್ವ!"

ನಾನು ಗಲ್ಲ ಬಡಿದುಕೊಂಡೆ. "ಹೋಗಿ ಬಾಯಿ ತೊಳ್ಕೊಳ್ಳಿ ಮಾವ!"

"ಯಾವ ನೀರಲ್ಲಿ?"

ನಗು ಬಂದರೂ ನಗಲಿಲ್ಲ. "ಮಳೆಯೂ ಅವನದೇ ನೀರಲ್ವಾ? ಅವನನ್ನೇ ಕೇಳಿ ನೋಡಿ" ಅಂದೆ.

ಮುಂಗಾರು ಹಿಡಿದದ್ದೇ ತಡ, ಮಾವ ಮದುವೆಯ ಪಂಚೆಯನ್ನೇ ನಾಲ್ಕು ಗೂಟಕ್ಕೆ ಕಟ್ಟಿ, ನಡುವೆ ಕಲ್ಲಿಟ್ಟು, ಕೆಳಗೆ ಹಂಡೆ ಇರಿಸಿದರು. ಮೊದಲು ಹಿಡಿ ತೊಗರಿಬೇಳೆ ಬೇಯಿಸಿದರು. ಬೆಣ್ಣೆಯಂತೆ ಬೆಂದಿತು! ಹಂಡೆಯ ಸುತ್ತ ಅವರು ಕುಣಿದದ್ದನ್ನು ಬೀದಿಯೇ ನೋಡಿತು.

ಆ ಮಳೆನೀರಿನ ಸೋಪು ಒಡೆಯಲೂ ಇಲ್ಲ, ನಾರಲೂ ಇಲ್ಲ. ವ್ಯಾಪಾರವೋ? ಒಂದು ತೆಂಗಿನಚಿಪ್ಪಿನಷ್ಟೂ ಮಾರಲಿಲ್ಲ.

ಆಷಾಢದ ಒಂದು ಬೆಳಗ್ಗೆ ಹಿತ್ತಲಿಗೆ ಹೋದವಳು ಬಾಗಿಲಲ್ಲೇ ನಿಂತೆ. ಮಾವ ಬೆರಳಲ್ಲಿ ಸೋಪು ತೆಗೆದು ಬಲಗೆನ್ನೆಗೆ ಹಚ್ಚಿ, ಕಣ್ಣುಮುಚ್ಚಿ ಕಾಯುತ್ತಿದ್ದರು. ಆಮೇಲೆ ಮೆಲ್ಲಗೆ ಕೂಗಿದರು: "ಉರಿಯಾಕಿಲ್ಲ, ಬಾ."

ಚಿಕ್ಕತ್ತೆ ಎರಡೂ ಕೈ ಮುಂದೆ ನೀಡಿದರು.

ಶ್ರಾವಣಕ್ಕೆ ನಮ್ಮ ದೇವರಿಗೆ ಮತ್ತೆ ಮಲ್ಲಿಗೆ ಮಾಲೆ ಬಂತು. ಕಟ್ಟಿದವರು ಚಿಕ್ಕತ್ತೆ, ದಾರದ ತುದಿ ಹಿಡಿದು ಕೂತಿದ್ದವರು ಮಾವ.