ಗೀಚುವ ಕೈಗೆ ಒಂದು ವರ್ಷದ ಗಡುವು

ಕೆಲವರಿಗೆ ಕೂತಲ್ಲಿ ಕಾಲು ಅಲ್ಲಾಡಿಸುವ ಚಟ, ಕೆಲವರಿಗೆ ಉಗುರು ಕಚ್ಚುವ ಚಟ. ಅವರಿಗೆ ಯಾರೂ ಏನೂ ಅನ್ನುವುದಿಲ್ಲ. ನನ್ನದು ಗೀಚುವ ಚಟ. ನಾನು ಎಲ್ಲಿ ಏನು ಗೀಚಿದರೂ ಅದರ ಹಿಂದೆಯೇ ಒಂದು ರಾದ್ಧಾಂತ ಬಂದು ನಿಲ್ಲುತ್ತದೆ. ದೊಡ್ಡ ಚಿತ್ರವೇನೂ ಅಲ್ಲ. ಒಂದು ಗುಂಡು ಮುಖ, ಅದಕ್ಕೆ ಭಾರೀ ಮೀಸೆ, ಗದ್ದದಿಂದ ನೇರ ಕೆಳಗೆ ಎರಡು ಕಾಲು. ನಡುವೆ ಹೊಟ್ಟೆ, ಕೈ ಬರೆಯುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಏಳನೇ ಇಯತ್ತೆಗೇ ಶಾಲೆ ಮುಗಿಯಿತು. ನಾನೇ ಬಿಟ್ಟಿದ್ದು ಅಂತ ನಾನು ಹೇಳುತ್ತೇನೆ, ಮಾಸ್ತರರು ಬಿಡಿಸಿದ್ದು ಅಂತ ಅಕ್ಕ ಹೇಳುತ್ತಾಳೆ. ಆಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂತ ತಿರುಗಿದ್ದೇ ತಿರುಗಿದ್ದು. ಬೆಂಚು ಬಿಸಿಯಾಗುವ ಮೊದಲೇ ಎದ್ದು ಹೋಗುವ ಜಾತಿ ನನ್ನದು.

೧. ಶಿರಾದ ಮೀಸೆ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶಿರಸಿಯಲ್ಲಿ ಅಕ್ಕನ ಮನೆಯೇ ನನ್ನ ಠಿಕಾಣಿ. ಅಕ್ಕ ಅವರಿವರ ಕೈಕಾಲು ಹಿಡಿದು ನನಗೊಂದು ಹೆಣ್ಣು ನೋಡಿದಳು. ಯಲ್ಲಾಪುರದಿಂದ ಮಾಗೋಡಿಗೆ ಹೋಗುವ ರಸ್ತೆಯ ಮೇಲೆ ಅವರ ಮನೆ. ಹುಡುಗಿ ಬಂದಳು, ಒಂದು ಸಲ ನೋಡಿದಳು, ಒಳಗೆ ಹೋದಳು. ನನಗಂತೂ ಅಲ್ಲೇ ತೀರ್ಮಾನವಾಯಿತು, ಮದುವೆ ಅಂತ ಆದರೆ ಇವಳನ್ನೇ. ಹಿರಿಯರು ಮಾತ್ರ ಗೋತ್ರ, ನಕ್ಷತ್ರ ಅಂತ ಹಿಡಿದವರು ಬಿಡಲೇ ಇಲ್ಲ. ನನ್ನ ಎದುರು ಒಂದು ತಟ್ಟೆ ಶಿರಾ. ಕೈ ಸುಮ್ಮನಿರಬೇಕಲ್ಲ? ಬೆರಳಲ್ಲಿ ಶಿರಾವನ್ನು ಗುಂಡಗೆ ತಟ್ಟಿದೆ, ದ್ರಾಕ್ಷಿ ಎರಡು ಕಣ್ಣಾಯಿತು, ಬಾಳೆಕಾಯಿ ಚಿಪ್ಸು ಮುರಿದು ಮೀಸೆ ಇಟ್ಟೆ, ಕೆಳಗೆ ಎರಡು ಕಾಲು ಎಳೆದೆ. ತಲೆ ಎತ್ತಿದರೆ ಹುಡುಗಿಯ ಅಪ್ಪ ಚಾ ಹಿಡಿದು ಎದುರಿಗೇ ನಿಂತಿದ್ದಾರೆ. ಅವರ ಮುಖ ಗುಂಡಗೆ. ಮೀಸೆ ಭಾರೀ.

"ಇದು ಯಾರು, ತಮಾ?"

"ಯಾರೂ ಅಲ್ಲ" ಅಂದವನೇ ಗಡಿಬಿಡಿಯಲ್ಲಿ ಮೊದಲು ಮೀಸೆಯನ್ನೇ ತಿಂದೆ.

ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪ ನಗಲಿಲ್ಲ. "ಮಗಳ ಬಿ.ಎ. ಮುಗಿಯಲೆ ಇನ್ನೂ ಟೈಮಿದ್ದು. ಅಷ್ಟರೊಳಗೆ ಹುಡುಗ ಒಂದೇ ಕೆಲಸದಲ್ಲಿ ಒಂದು ವರ್ಷ ನಿಂತು ತೋರಿಸ್ಲಿ. ಆಮೇಲೆ ನೋಡನ" ಅಂದರು. ನನಗೆ ಒಂದು ವರ್ಷ! ಓಡುವ ಬಸ್ಸಿಗೆ ವರ್ಷವಿಡೀ ಸ್ಟ್ಯಾಂಡಿನಲ್ಲೇ ನಿಲ್ಲು ಅಂದ ಹಾಗೆ!

೨. ಕೆನ್ನೆ ಇಲ್ಲದ ಮೂರು

ಶಿರಸಿಯ ಒಂದು ಎಸ್‌ಟಿಡಿ ಬೂತಿಗೆ ಸೇರಿದೆ. ಆ ಬೂತಿನ ಗೋಡೆಯೇ ಊರಿನ ಡೈರಿ. ದಿನಾ ಬರುವ ಗಿರಾಕಿಗಳು ತಮ್ಮತಮ್ಮ ನಂಬರನ್ನು ಪೆನ್ಸಿಲ್ಲಿನಲ್ಲಿ ಗೋಡೆಗೇ ಬರೆದಿಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಗಿರಾಕಿ ಇರುತ್ತಿರಲಿಲ್ಲ. ಗೋಡೆ ನೋಡುತ್ತ ಕೂತರೆ ಒಂದು ಇಂಗ್ಲಿಷ್ ಮೂರಕ್ಕೆ ಎಡಗಡೆ ಕೆನ್ನೆಯೇ ಇಲ್ಲ. ಪಾಪ ಅನ್ನಿಸಿತು. ಕೆನ್ನೆ ಕೊಟ್ಟು ಒಂದು ಮೀಸೆಯನ್ನೂ ಇಟ್ಟೆ. ಅದು ಎಂಟಾಯಿತು ಅನ್ನುವುದು ಹೊಳೆಯಲಿಲ್ಲ.

ದಾಸನಕೊಪ್ಪದ ಯಜಮಾನರೊಬ್ಬರು ಬಂದು ಗೋಡೆ ನೋಡಿ ಅಳಿಯನಿಗೆ ಫೋನು ಹಚ್ಚಿದರು. ಆ ಕಡೆಯವರಿಗೆ ಬಾಯಿ ತೆರೆಯಲು ಬಿಡುವ ಜನವಲ್ಲ ಅವರು. "ಏನ್ರಿ ಅಳಿಯಂದ್ರ, ಹ್ವಾದ ಹಬ್ಬಕ್ಕೂ ಬರಲಿಲ್ಲ ನೀವು. ಈ ಸಲ ನೆವ ಹೇಳಬ್ಯಾಡ್ರಿ. ಹೊಸಾ ಮನಿ ನೋಡಿಲ್ಲಲ್ಲ, ದಾಸನಕೊಪ್ಪದಾಗ ಬಸ್ ಇಳದು ಹಿಟ್ಟಿನ ಗಿರಣಿ ಬಾಜೂಕ ಬರ್ರಿ. ಹೋಳಿಗಿ ಮಾಡಸ್ತೀವಿ. ಬರಬೇಕು ಅಂದ್ರ ಬರಬೇಕು!" ಅಂತ ಕುಕ್ಕಿ ಇಟ್ಟರು. ಆ ಕಡೆ ಫೋನು ಎತ್ತಿದ್ದು ಯಾವುದೋ ಊರಿನ ಪೊಲೀಸ್ ಠಾಣೆಯ ಪೇದೆ. ಹೊಸದಾಗಿ ವರ್ಗವಾಗಿ ಬಂದ ಬ್ರಹ್ಮಚಾರಿ, ಹಬ್ಬಕ್ಕೆ ಕರೆಯುವವರು ಯಾರೂ ಇಲ್ಲದವನು.

ಹಬ್ಬ ಮುಗಿದ ಮರುದಿನ ಯಜಮಾನರು ನೇರ ಬೂತಿಗೇ ಬಂದರು. ಗೋಡೆ ನೋಡಿದರು, ನನ್ನನ್ನು ನೋಡಿದರು. ಅಳಿಯ ಆ ಸಲವೂ ಬಂದಿರಲಿಲ್ಲ. ಪೇದೆ ಬಂದಿದ್ದ. ಹಣ್ಣು ಬೇರೆ ತಂದಿದ್ದನಂತೆ.

ಬೂತಿನ ಮಾಲಕರು ಅದೇ ದಿನ ಗೋಡೆಗೆ ಸುಣ್ಣ ಹೊಡೆಸಿದರು. ನನ್ನನ್ನೂ ಹೊರಗೆ ಹಾಕಿದರು. ವರ್ಷ ಮತ್ತೆ ಮೊದಲಿನಿಂದ.

೩. ನಾಲ್ಕು ಕಾಲಿನ ಪ್ಯಾಂಟು

ಸಿದ್ದಾಪುರದಲ್ಲಿ ಒಬ್ಬ ಟೇಲರ್ ಮಾಸ್ತರರ ಹತ್ತಿರ ಕಾಜಾ ಗುಂಡಿ ಹಾಕುವ ಕೆಲಸ ಸಿಕ್ಕಿತು. ಒಳ್ಳೇ ಮನುಷ್ಯ, ಕತ್ತರಿಯೂ ಚುರುಕು. ಆದರೆ ಅವರ ಗಮನವೆಲ್ಲ ಬೀದಿಯ ಮೇಲೆ. ಸೀಮೆಸುಣ್ಣದ ಗೆರೆ ಕಂಡಲ್ಲಿ ಕತ್ತರಿ ಓಡುತ್ತದೆ, ಬಾಯಿ ಈ ಸಲ ಯಾರು ಆರಿಸಿ ಬರುತ್ತಾರೆ ಅನ್ನುವುದನ್ನು ಹೇಳುತ್ತಿರುತ್ತದೆ.

ಒಂದು ಮಧ್ಯಾಹ್ನ ಮಾಸ್ತರರು ಊಟಕ್ಕೆ ಹೋಗಿದ್ದರು. ಮೇಜಿನ ಮೇಲೆ ಬಟ್ಟೆ ಹಾಸಿತ್ತು, ಪಕ್ಕದಲ್ಲಿ ಸೀಮೆಸುಣ್ಣ. ಎದುರು ರಸ್ತೆಯಲ್ಲಿ ಒಂದು ಎಮ್ಮೆ ಮಲಗಿತ್ತು. ಇದ್ದದ್ದರಲ್ಲೇ ಬದಲಾವಣೆ ಇರಲಿ ಅಂತ ಮೀಸೆಯವನನ್ನು ಬಿಟ್ಟು ಎಮ್ಮೆಯನ್ನು ಬರೆದೆ. ನಿಲ್ಲಿಸಿಯೇ ಬರೆದೆ, ನಾಲ್ಕೂ ಕಾಲು ಕಾಣಲಿ ಅಂತ. ಒರೆಸಬೇಕು ಅನ್ನುವಷ್ಟರಲ್ಲಿ ಯಾರೋ ಗುಂಡಿ ಕೇಳಿಕೊಂಡು ಬಂದರು, ಮರೆತೇ ಹೋಯಿತು. ಮಾಸ್ತರರು ಬಂದರು, ಬೀದಿಯವರ ಜೊತೆ ಚುನಾವಣೆ ಶುರು ಮಾಡಿದರು. ಕತ್ತರಿ ಕೋಡಿನಿಂದ ಹೊರಟು, ಬೆನ್ನು ದಾಟಿ, ಬಾಲ ಸುತ್ತಿ, ನಾಲ್ಕು ಕಾಲನ್ನೂ ಇಳಿದು ಹತ್ತಿತು. ಆಗಲೇ ಬಟ್ಟೆಯ ಧಣಿ, ಬ್ಯಾಂಕಿನ ಗುಮಾಸ್ತ, ತಂಗಿಯ ಮದುವೆಗೆ ಪ್ಯಾಂಟು ಆಯಿತೇ ಅಂತ ಕೇಳಲು ಬಂದ. ಮಾಸ್ತರರು ಹೆಮ್ಮೆಯಿಂದ ಎತ್ತಿ ತೋರಿಸಿದರು.

ಗುಮಾಸ್ತ ಬೆರಳಿಟ್ಟು ಕಾಲು ಎಣಿಸಿದ. "ಮಾಸ್ತರೇ, ನನಗೆ ಎರಡು ಕಾಲು ಸಾಕಿತ್ತು" ಅಂದ.

೪. ಅಕ್ಕನ ಬಂದೋಬಸ್ತು

ಆ ಕೆಲಸವೂ ಹೋಗಿ ಮತ್ತೆ ಶಿರಸಿ. ಅಕ್ಕ ಮನೆಯ ಪೆನ್ನು, ಪೆನ್ಸಿಲ್ಲು ಎಲ್ಲವನ್ನೂ ಬೀರುವಿನೊಳಗೆ ಹಾಕಿ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬರೆವ ಸಾಮಾನೇ ಇಲ್ದಿದ್ರೆ ಎಂತ ಗೀಚ್ತ, ನೋಡನ!" ಅಂದಳು. ಅವತ್ತೇ ಯಾರದೋ ಫೋನು ಬಂತು, ನಂಬರು ಬರೆದುಕೊಳ್ಳಬೇಕು. ಬೀಗ ತೆಗೆಯಲು ಪುರಸೊತ್ತಿಲ್ಲ. ಒಲೆಯ ಇದ್ದಿಲು ತಂದು ಗೋಡೆಗೇ ಬರೆದಳು. ಅರ್ಧ ಗಂಟೆ ಮಾತಾಡಿ ಮುಗಿಸುವ ಹೊತ್ತಿಗೆ ನಂಬರಿನ ಸುತ್ತ ಬಳ್ಳಿ, ಬಳ್ಳಿಗೆ ಹೂವು, ಹೂವಿನ ಮೇಲೆ ಒಂದು ಗಿಳಿ.

"ಇದೆಂತ, ಅಕ್ಕಾ?" ಅಂದೆ.

"ಕೈ ಸುಮ್ನೆ ಇರ್ತಿಲ್ಲೆ, ಮಾರಾಯ!"

೫. ಮೀಸೆ ಇರುವ ಸರ್ವೆ

ಅಕ್ಕನೇ ಯೋಚನೆ ಮಾಡಿ ಯಲ್ಲಾಪುರದಲ್ಲಿ ಕೆಲಸ ಹುಡುಕಿದಳು. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿಗೆ ಬಣ್ಣ ಬಳಿಯುವ ಗುತ್ತಿಗೆದಾರರ ಹತ್ತಿರ. ದಿನವಿಡೀ ಕೈಯಲ್ಲಿ ಕುಂಚ ಇದ್ದರೆ ಚಟ ತೀರುತ್ತದೆ ಅನ್ನುವುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ವರ್ಷ ತುಂಬುತ್ತ ಬಂತು. ಹುಡುಗಿಯ ಬಿ.ಎ. ಕೂಡ ಮುಗಿಯುತ್ತ ಬಂತು. ಕೊನೆಯ ತಿಂಗಳಲ್ಲಿ ಕೆಲಸ ಮಾಗೋಡು ರಸ್ತೆಗೆ ಬಂತು.

ಗುತ್ತಿಗೆದಾರರು ಚಾಕ್ಕೆ ಹೋಗಿದ್ದರು. ಡಬ್ಬಿಯ ತಳದಲ್ಲಿ ಸ್ವಲ್ಪ ಕೆಂಪು ಬಣ್ಣ ಒಣಗುತ್ತ ಬಿದ್ದಿತ್ತು. ಎದುರಿಗೆ ಸಾಲಾಗಿ ಮನೆಗಳ ಕಲ್ಲಿನ ಕಂಪೌಂಡು. ಒಂದು ಗೋಡೆಗೆ ಮೀಸೆಯವನನ್ನು ಬರೆದೆ. ಒಬ್ಬನೇ ಆದರೆ ಅವನಿಗೂ ಬೇಜಾರು ಅಂತ ಮುಂದಿನ ಗೋಡೆಗಳಿಗೂ ಒಬ್ಬೊಬ್ಬನನ್ನು ನಿಲ್ಲಿಸಿದೆ. ಹುಡುಗಿಯ ಮನೆ ಗೋಡೆಗೆ ಮಾತ್ರ ಬರೆಯಲಿಲ್ಲ. ಅಷ್ಟು ಬುದ್ಧಿ ನನಗೂ ಇದೆ.

ಆ ಬುದ್ಧಿಯೇ ಮುಳುಗಿಸಿತು. ಮರುದಿನ ಹೋದರೆ ರಸ್ತೆ ತುಂಬ ಜನ. ಕೆಂಪು ಗುರುತು ಅಂದ ಮೇಲೆ ರಸ್ತೆ ಅಗಲ ಮಾಡುವ ಸರ್ವೆಯೇ ಸೈ ಅಂತ ಎಲ್ಲರೂ ತೀರ್ಮಾನಿಸಿದ್ದರು. ಯಾರೋ ಒಬ್ಬ, "ಸರ್ವೆ ಗುರುತಿಗೆ ಮೀಸೆ ಎಂತಕ್ಕೆ?" ಅಂತ ಕೇಳಿದ. ಜೀವ ಬಂದ ಹಾಗಾಯಿತು. ನಿವೃತ್ತ ಮಾಸ್ತರರೊಬ್ಬರು ಅವನ ಬಾಯಿ ಮುಚ್ಚಿಸಿದರು. "ಅದು ಮೀಸೆ ಅಲ್ಲ, ಅಳತೆ. ಎರಡೂ ಕಡೆ ತಿರುಗಿದ್ದು ಅಂದ್ರೆ ರಸ್ತೆ ಎರಡೂ ಕಡೆ ಅಗಲ ಆಗ್ತು. ಕೆಳಗಿನ ಎರಡು ಗೆರೆ ಗಟಾರ."

"ಯಾರೋ ಸುಮ್ಮನೆ ಗೀಚಿರಬಹುದು" ಅಂದೆ ನಾನು. ನಾನೇ ಗೀಚಿದ್ದು ಅಂದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ವರ್ಷ, ವರ್ಷದ ಜೊತೆ ಹುಡುಗಿ.

"ಸುಮ್ಮನೆ ಗೀಚಲೆ ಕೆಂಪು ಬಣ್ಣಕ್ಕೆ ದುಡ್ಡು ಯಾರು ಹಾಕ್ತ?" ಅಂತ ಮಾಸ್ತರರು ನನ್ನನ್ನೇ ಗದರಿದರು.

ಅಷ್ಟರಲ್ಲಿ ಪಕ್ಕದ ಮನೆಯವರು ಹುಡುಗಿಯ ಅಪ್ಪನ ಕಡೆ ತಿರುಗಿದರು. "ಎಲ್ಲಾರ ಗೋಡೆಗೂ ಗುರುತು ಬಿದ್ದಿದ್ದು. ನಿನ್ನ ಗೋಡೆಗೆ ಎಂತಕ್ಕೆ ಇಲ್ಲೆ, ಭಾವಾ? ಯಾರಿಗೆ ಎಷ್ಟು ತಿನ್ನಿಸಿದ್ದೆ?"

"ಆನು ಯಾರಿಗೂ ಒಂದು ಚಾ ಕುಡ್ಸಿದ್ನಿಲ್ಲೆ!" ಅಂತ ಅವರು ಕೂಗಿದರು. ಯಾರೂ ನಂಬಲಿಲ್ಲ. ಮಾನವಂತ ಮನುಷ್ಯ, ಒಳಗೆ ಹೋಗಿ ಹಾರೆ ತಂದರು. ಗುರುತೇ ಇಲ್ಲದ ಗೋಡೆಯನ್ನು ತಾವೇ ಕೆಡವಿ, ಒಳಗೆ ಸರಿಸಿ ಕಟ್ಟಿಸಿದರು. ಗುರುತಿಲ್ಲದವನೇ ಸರಿದ ಮೇಲೆ ಗುರುತಿದ್ದವರು ಸುಮ್ಮನಿರುವುದು ಹೇಗೆ? ತಿಂಗಳೊಳಗೆ ಇಡೀ ಸಾಲು ಹಿಂದೆ ಸರಿಯಿತು. ರಸ್ತೆಯ ಸಾಹೇಬರು ಜೀಪಿನಲ್ಲಿ ಬಂದವರು ಕಕ್ಕಾಬಿಕ್ಕಿ. "ನಾವು ಸರ್ವೆಯನ್ನೇ ಮಾಡಿಲ್ಲ. ನೀವೇ ಜಾಗ ಬಿಟ್ಟಿದ್ದೀರಿ, ಬಹಳ ಸಂತೋಷ" ಅಂದು ರಸ್ತೆಯನ್ನು ಅಗಲ ಮಾಡಿಯೇ ಬಿಟ್ಟರು.

ನನ್ನ ವರ್ಷ ತುಂಬಿತು. ಅಕ್ಕ, ಭಾವನ ಜೊತೆ ಆ ಮನೆಗೆ ಹೋದೆ. ಹುಡುಗಿಯ ಅಪ್ಪ ಎದುರು ಕೂತರು.

"ಹುಡುಗ ನಿಂತು ತೋರಿಸಿದ. ನನ್ನ ಒಪ್ಪಿಗೆ ಇದ್ದು. ಒಂದು ಕೆಲಸ ಮಾತ್ರ ಬಾಕಿ. ನಿಂಗೆ ರಸ್ತೆ ಜನ ಎಲ್ಲ ಗೊತ್ತಿದ್ದು, ತಮಾ. ಆ ಗುರುತು ಹಾಕಿದ ಬೇವರ್ಸಿ ಯಾರು ಹೇಳಿ ನೀನೇ ಹುಡುಕಿ ಕೊಡವು."

ಆಗ ಹುಡುಗಿ ಶಿರಾ ತಂದಿಟ್ಟಳು. ತಟ್ಟೆ ನೋಡಿದೆ. ಗುಂಡು ಮುಖ, ದ್ರಾಕ್ಷಿಯ ಕಣ್ಣು, ಚಿಪ್ಸಿನ ಮೀಸೆ, ಕೆಳಗೆ ಎರಡು ಕಾಲು. ಅವತ್ತು ಬಾಗಿಲ ಹಿಂದೆ ನಕ್ಕವಳು ಇವಳೇ, ಗೋಡೆಯ ಮೀಸೆ ಯಾರ ಕೈಯದು ಅಂತ ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಅಪ್ಪ ತಟ್ಟೆಯ ಕಡೆ ಬಗ್ಗಿದರು. ನಾನು ಗಬಕ್ಕನೆ ಮೀಸೆ ಎತ್ತಿ ಬಾಯಿಗೆ ಹಾಕಿಕೊಂಡೆ.

"ಹುಡುಕಿ ಕೊಡ್ತ್ಯಾ?"

ಬಾಯಿ ತುಂಬ ಮೀಸೆ ಇತ್ತು. ತಲೆ ಆಡಿಸಿದೆ. ಮದುವೆಯಾಗಿ ಎಷ್ಟೋ ವರ್ಷವಾಯಿತು. ಪ್ರತಿ ಹಬ್ಬಕ್ಕೆ ಹೋದಾಗಲೂ ಮಾವ, "ಸಿಕ್ಕಿದ್ನಾ?" ಅಂತ ಕೇಳುತ್ತಾರೆ. ನಾನು ಹೇಳುವ ಮೊದಲೇ ಇವಳು ಒಳಗಿನಿಂದ ಕೂಗುತ್ತಾಳೆ: "ಹುಡುಕ್ತಾ ಇದ್ದ, ಅಪ್ಪಯ್ಯ. ಮನುಷ್ಯ ಒಂದು ಕಡೆ ನಿಲ್ತಿಲ್ಲೆ, ಅದೇ ತ್ರಾಸು!"