ಕೊಳ್ಳೇಗಾಲದ ಪಾರ್ಸೆಲ್ ಆಫೀಸಿನಲ್ಲಿ ಆರು ತಿಂಗಳು

ನಮ್ಮ ಪಾರ್ಸೆಲ್ ಆಫೀಸಿಗೆ ಬೆಳಿಗ್ಗೆ ಬರುವ ಲಾರಿ ಒಂದು ದಿನ ತಪ್ಪೀತು, ಅಲ್ಲಿ ನಗುವಂಥದ್ದು ಏನಾದರೂ ನಡೆಯುವುದು ಮಾತ್ರ ತಪ್ಪುವುದಿಲ್ಲ. ನಡೆಯುವಾಗ ನಗು ಬರುವುದಿಲ್ಲ, ಅಳುವೇ ಬರುತ್ತದೆ. ಸಂಜೆ ಯಳಂದೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ನೆನೆಸಿಕೊಂಡು ಒಬ್ಬಳೇ ನಗುತ್ತೇನೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಾರೆ.

ಡಿಗ್ರಿ ಕೊನೇ ವರ್ಷದಲ್ಲಿ ಅಲ್ಲಿಗೆ ಸೇರಿದೆ. ನನ್ನದು ಲಾಜಿಸ್ಟಿಕ್ಸ್ ಓದು. ಆರು ತಿಂಗಳು ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿತು, ಅಲ್ಲಿನವರಿಂದ ವರದಿ ಬರೆಸಿಕೊಂಡು ಬಂದರೇ ಪಾಸು ಎಂದು ಕಾಲೇಜಿನವರು ಹೇಳಿದ್ದರು. ಈಗ ಓದು ಮುಗಿದಿದೆ, ನಾನು ಅಲ್ಲೇ ಇದ್ದೇನೆ. ಆ ಮೊದಲ ಆರು ತಿಂಗಳ ಕೆಲವು ಪ್ರಸಂಗಗಳಿವು.

ಅಜ್ಜಿಯ ಪ್ರಶ್ನೆ

ಕೆಲಸಕ್ಕೆ ಹೊರಟ ಮೊದಲ ದಿನ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಅದೇನವ್ವ ನೀ ಓದ್ತಿರೋದು? ನಾಲ್ಗೇಗೇ ಬರಾಕಿಲ್ಲ."

ನಾನು ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದೆ. "ಸರಿಯಾದ ಸಾಮಾನನ್ನ ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ, ಕೆಡದಂಗೆ ತಲುಪಿಸೋದಜ್ಜಿ."

ಅಜ್ಜಿ ಸುಲಿಯುವುದನ್ನು ನಿಲ್ಲಿಸಿದಳು. "ನಿಮ್ ತಾತ ಎತ್ತಿನ ಗಾಡೀಲಿ ಅದ್ನೇ ಅಲ್ವಾ ಮಾಡ್ತಿದ್ದುದ್ದು? ನಲ್ವತ್ತೊರ್ಸ ಊರೋರ್ ಸಾಮಾನ್ನೆಲ್ಲ ಸರಿಯಾಗಿ ತಲುಪುಸ್ದ."

ನನಗೆ ಹೆಮ್ಮೆಯಾಯಿತು. ವಂಶದ ಕಸುಬು ಎಂದುಕೊಂಡೆ.

"ಅವ್ನು ಮಾತ್ರ ಒಂದಿನಾನೂ ಸರಿಯಾದ ಒತ್ಗೆ ಮನೆ ತಲುಪ್ನಿಲ್ಲ," ಎಂದು ಅಜ್ಜಿ ಮತ್ತೆ ಕಾಯಿ ಸುಲಿಯತೊಡಗಿದಳು.

ಕೌದಳ್ಳಿಯ ವಿಳಾಸ

ಮೊದಲ ವಾರ ನನ್ನನ್ನು ಡ್ರೈವರ್ ಅಣ್ಣನ ಜೊತೆ ಹನೂರು ರೂಟಿಗೆ ಕಳಿಸಿದರು. ಐವತ್ತು ದಾಟಿದ ಮನುಷ್ಯ. ಬಾಯಿ ತೆರೆಯುವುದು ಕಡಿಮೆ, ತೆರೆದರೆ ಒಂದೇ ಮಾತು. ಕೌದಳ್ಳಿಯ ಒಂದು ಪಾರ್ಸೆಲ್ ಇತ್ತು. ವಿಳಾಸದಲ್ಲಿ ಹೆಸರು ಮತ್ತು ಊರು ಬಿಟ್ಟರೆ ಬೇರೆ ಏನೂ ಇರಲಿಲ್ಲ, ಫೋನು ಸ್ವಿಚ್ ಆಫ್.

ಬೇವಿನ ಮರದಡಿ ಒಬ್ಬ ಹಿರಿಯರು ಹಗ್ಗ ಹೊಸೆಯುತ್ತಿದ್ದರು. ಪಾರ್ಸೆಲ್ ಮೇಲಿನ ಹೆಸರನ್ನು ಓದಿ ಹೇಳಿ, ಇವರ ಮನೆ ಎಲ್ಲಿ ಎಂದು ಕೇಳಿದೆ.

"ಆ ಯೆಸ್ರಿನೋರು ಈ ಊರ್ಲಿ ಯಾರೂ ಇಲ್ಲ ಕಣವ್ವ. ನಾ ಉಟ್ದಾಗಿಂದ ಇಲ್ಲೇ ಇವ್ನಿ."

ಆದರೂ ಒಳ್ಳೆಯ ಮನಸ್ಸು ಅವರದು. ಹಗ್ಗ ಕೆಳಗಿಟ್ಟು ನಮ್ಮ ಜೊತೆಗೇ ಹೊರಟರು. ಉರಿಬಿಸಿಲಲ್ಲಿ ಎರಡು ಬೀದಿ ಸುತ್ತಿ, ಮನೆಮನೆ ಬಾಗಿಲಲ್ಲೂ ನಿಂತು ಅವರೇ ಆ ಹೆಸರು ಕೂಗಿ ವಿಚಾರಿಸಿದರು. ಎಲ್ಲರೂ ಇಲ್ಲವೆಂದರು. ಕೊನೆಗೆ ರೇಷನ್ ಅಂಗಡಿಯವನು ಪಟ್ಟಿ ತೆಗೆದು ಬೆರಳಾಡಿಸಿ, ತಲೆ ಎತ್ತಿ ಆ ಹಿರಿಯರನ್ನೇ ನೋಡಿದ.

"ಅಣ್ಣೋ, ಇದು ನಿನ್ ಯೆಸ್ರೇ ಅಲ್ವಾ?"

ಅವರು ಒಂದು ನಿಮಿಷ ಯೋಚಿಸಿದರು. ಆಮೇಲೆ ನಾಚಿಕೊಂಡು ಕೈ ಚಾಚಿದರು. "ಔದು ಕಣವ್ವ. ಓಟಾಕೋ ದಿವ್ಸ ಬುಟ್ರೆ ಯಾರೂ ಅಂಗೆ ಕರ್ಯಾಕಿಲ್ಲ. ಮರ್ತೇ ಓಗಿತ್ತು."

ಹತ್ತಿರದ ದಾರಿ

ಎರಡನೇ ತಿಂಗಳಿಗೆ ನನಗೆ ಧೈರ್ಯ ಬಂದಿತ್ತು. ಡ್ರೈವರ್ ಅಣ್ಣ ಯಳಂದೂರು ಕಡೆಗೆ ಸುತ್ತು ಹಾಕಿಕೊಂಡು ಹೋಗುವುದನ್ನು ನೋಡಿ, ಒಂದು ಭಾನುವಾರ ಪೂರ್ತಿ ಕೂತು ಕಂಪ್ಯೂಟರಿನಲ್ಲಿ ಹೊಸ ರೂಟು ಮಾಡಿದೆ. ಕುಂತೂರಿನ ಮೇಲೆ ಹಾದರೆ ದಾರಿ ಹತ್ತಿರ, ಡೀಸೆಲ್ ಉಳಿತಾಯ. ಬಣ್ಣದ ಪ್ರಿಂಟು ತೆಗೆದು ಸೂಪರ್‌ವೈಸರ್ ಸಾರ್ ಮೇಜಿನ ಮೇಲಿಟ್ಟೆ. ಅವರು ಮೆಚ್ಚಿ ತಲೆಯಾಡಿಸಿದರು. ಡ್ರೈವರ್ ಅಣ್ಣ ಅದನ್ನು ಉದ್ದಕ್ಕೆ ನೋಡಿದರು, ಅಡ್ಡಕ್ಕೆ ನೋಡಿದರು, ಮಡಚಿ ಜೇಬಿಗಿಟ್ಟುಕೊಂಡರು. "ನೀವೂ ಬನ್ನಿ ಮೇಡಂ," ಎಂದರು.

ಕುಂತೂರಿಗೆ ಇನ್ನೂ ದೂರವಿರುವಾಗಲೇ ಗಾಡಿ ನಿಂತಿತು. ಮುಂದೆ ಕಬ್ಬು ತುಂಬಿದ ಟ್ರಾಕ್ಟರು, ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಕುಂತೂರಿನ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲ. ಹಿಂದೆ ತಿರುಗಿದರೆ ಆ ಕಡೆಯೂ ಟ್ರಾಕ್ಟರುಗಳು ಬಂದು ನಿಂತಿದ್ದವು. ಡ್ರೈವರ್ ಅಣ್ಣ ಎಂಜಿನ್ ಆಫ್ ಮಾಡಿ ಕೈಕಟ್ಟಿ ಕೂತರು. ಬೈದಿದ್ದರೆ ಸಮಾಧಾನವಾಗುತ್ತಿತ್ತು, ಬೈಯಲೂ ಇಲ್ಲ. ಊರಿನವಳಾಗಿ ಕಬ್ಬಿನ ಕಾಲ ನನಗೆ ತಿಳಿಯದ್ದಲ್ಲ. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ನಾನು ಯಾವ ಊರಿನವಳೂ ಆಗಿರಲಿಲ್ಲ. ಆ ಯೋಚನೆ ನನ್ನನ್ನು ಬಹಳ ಹೊತ್ತು ಚುಚ್ಚಿತು.

ಗಂಟೆಯ ಮೇಲಾದ ನಂತರ ಅವರು ಜೇಬಿನಿಂದ ನನ್ನ ಬಣ್ಣದ ಪ್ರಿಂಟು ತೆಗೆದು ಬಿಡಿಸಿದರು. ಗಂಭೀರವಾಗಿ ಕೇಳಿದರು:

"ಮೇಡಂ, ಇದ್ರಲ್ಲಿ ಕಬ್ಬು ಎಲ್ಲದೆ?"

ಹನೂರಿನ ಸೀರೆ

ಬಿಚ್ಚಿ ನೋಡಿ, ಇಷ್ಟವಾಗದಿದ್ದರೆ ಅಲ್ಲೇ ವಾಪಸು ಕೊಡುವ ಪಾರ್ಸೆಲ್ಲುಗಳು ಕೆಲವು ಬರುತ್ತವೆ. ಹನೂರಿನಲ್ಲಿ ಅಂಥದ್ದೊಂದು ಸೀರೆ. ತರಿಸಿದ ಅಕ್ಕ ಒಬ್ಬಳೇ ನೋಡಲಿಲ್ಲ, ಬೀದಿಯನ್ನೇ ಕರೆದಳು. ಸೀರೆ ಹಾಸಿದ ಚಾಪೆಯ ಸುತ್ತ ಪಂಚಾಯಿತಿ ಸೇರಿತು.

"ಅಂಚು ಸಣ್ದಾಯ್ತು," ಎಂದಳು ಒಬ್ಬಳು. "ಒಂದ್ ಸತಿ ಒಗುದ್ರೆ ಬಣ್ಣ ಬುಡ್ತದೆ," ಎಂದಳು ಇನ್ನೊಬ್ಬಳು. ಪಕ್ಕದ ಮನೆಯವಳಂತೂ ಮೂಗು ಮುರಿದು, "ನಿನ್ ಬಣ್ಣುಕ್ಕೆ ಇದು ಒಂದೀಸೂ ಒಪ್ಪಾಕಿಲ್ಲ, ವಾಪಸ್ ಕೊಟ್ಬುಡು," ಎಂದು ತೀರ್ಪು ಕೊಟ್ಟಳು.

ಅಕ್ಕನ ಮುಖ ಸಪ್ಪಗಾಯಿತು. ಎಷ್ಟು ದಿನದಿಂದ ಫೋನಿನಲ್ಲಿ ನೋಡಿ ನೋಡಿ ಆರಿಸಿದ್ದಳೋ. ನನಗೂ ಬೇಜಾರಾಯಿತು, ಸೀರೆಗಾಗಿ ಅಲ್ಲ, ಅವಳ ಮುಖಕ್ಕಾಗಿ. ಮಡಚಿ ಕವರಿಗೆ ಹಾಕುತ್ತಿದ್ದೆ. ಆಗ ಪಕ್ಕದ ಮನೆಯವಳು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅವ್ಳು ಬ್ಯಾಡ ಅಂದ್ಳಲ್ಲ, ಅದ್ನ ನಂಗೇ ಕೊಟ್ಬುಡಾಕಾಯ್ತದಾ?"

ಪಿಸುಮಾತೇನೋ ಹೌದು, ಆದರೆ ಹನೂರಿನ ಪಿಸುಮಾತು. ಅಕ್ಕ ಎದ್ದು ಬಂದು ನನ್ನ ಕೈಯಿಂದ ಕವರು ಕಿತ್ತುಕೊಂಡಳು. "ಎಲ್ಲಿ ಸೈನಾಕ್ಬೇಕು ಯೋಳವ್ವ!"

ಬಾಗಿಲು ತೆರೆಯದ ಮನೆ

ಮನೆಗೆ ಮೂರು ಸಲ ಹೋಗಿಯೂ ಯಾರೂ ಸಿಗದಿದ್ದರೆ ಪಾರ್ಸೆಲ್ ವಾಪಸು ಹೋಗುತ್ತದೆ. ಇದು ನಿಯಮ. ನನ್ನ ತರಬೇತಿಯ ಕೊನೆಯ ತಿಂಗಳಿನಲ್ಲಿ ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ ಪುಟ್ಟ ಡಬ್ಬಿಯೊಂದು ಬಂತು. ಡ್ರೈವರ್ ಅಣ್ಣ ಎರಡು ಸಲ ಹೋಗಿ ಬಾಗಿಲು ತಟ್ಟಿ ಬಂದಿದ್ದರು. ಕಂಪ್ಯೂಟರಿನಲ್ಲಿ ಎರಡೂ ಸಲ 'ಗ್ರಾಹಕರು ಲಭ್ಯವಿಲ್ಲ' ಎಂದು ಬಿದ್ದಿತ್ತು. ಆ ತಿಂಗಳು ವಾಪಸು ಹೋದದ್ದು ಜಾಸ್ತಿಯಾಗಿತ್ತು, ಅದೆಲ್ಲ ನನ್ನ ವರದಿಯಲ್ಲಿ ಬರುತ್ತದೆ ಎಂದು ಸೂಪರ್‌ವೈಸರ್ ಸಾರ್ ಮೊದಲೇ ಹೇಳಿದ್ದರು.

ಮೂರನೇ ಸಲಕ್ಕೆ ಮುಂಚೆ ನಾನೇ ಫೋನು ಮಾಡಿದೆ. ಒಬ್ಬ ತಾತ ಎತ್ತಿದರು.

"ತಾತಾ, ಪಾರ್ಸೆಲ್ ಬಂದದೆ!"

"ಪರ್ಸೆ ಬಂತಾ? ಯಾವೂರ್ದವ್ವ?"

"ಜಾತ್ರೆ-ಪರ್ಸೆ ಯಾವ್ದೂ ಅಲ್ಲ ತಾತಾ, ಪಾರ್ಸೆಲ್! ಮಿಷನ್ನು, ಮಿಷನ್ನು!"

"ಒಲಿಗೆ ಮಿಷನ್ನಾ? ನಮ್ ಸೊಸೆತಾವ ಅದೆ ಕಣವ್ವ, ಬ್ಯಾಡ," ಎಂದು ಇಟ್ಟೇಬಿಟ್ಟರು.

ನನ್ನ ಕೂಗಿಗೆ ಹೊರಗೆ ಮೂಟೆ ಇಳಿಸುತ್ತಿದ್ದವರು ಒಳಗೆ ಬಂದು ನೋಡಿ ಹೋದರು. ಡಬ್ಬಿಯ ಮೇಲೆ ಮಿಷನ್ ಎಂದಷ್ಟೇ ಓದಿದ್ದೆ, ಈಗ ತಿರುಗಿಸಿ ಪೂರ್ತಿ ಓದಿದೆ. ಅದರೊಳಗಿದ್ದದ್ದು ಕಿವಿಗೆ ಹಾಕಿಕೊಳ್ಳುವ ಮಿಷನ್ನು. ಆಗ ಎಲ್ಲ ಅರ್ಥವಾಯಿತು. ಎರಡು ಸಲವೂ ತಾತ ಮನೆಯಲ್ಲೇ ಇದ್ದರು.

ಸೂಪರ್‌ವೈಸರ್ ಹತ್ತಿರ ಓಡಿದೆ. "ಸಾರ್, ಬಾಗಿಲು ತಟ್ಟಿದ್ದು ಕೇಳಲಿ ಅಂತ ಮಿಷನ್ ತರಿಸಿದ್ದಾರೆ. ಬಾಗಿಲು ತಟ್ಟಿದ್ದು ಕೇಳಿಸಲಿಲ್ಲ ಅಂತ ನಾವು ವಾಪಸ್ ಕಳಿಸ್ತೀವಾ?"

ಅವರು ತಲೆ ಕೆರೆದುಕೊಂಡರು. "ಸಿಸ್ಟಮ್ಮಿಗೆ ಅದೆಲ್ಲ ಗೊತ್ತಾಗಲ್ಲಮ್ಮ."

"ನಮಗೆ ಗೊತ್ತಾಯ್ತಲ್ಲ ಸಾರ್."

ಅವರು ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ನಿಮ್ಮೂರ ಕಡೆಯೇ ಅಲ್ವಾ, ನೀನೇ ಹೋಗು."

ಮಧ್ಯಾಹ್ನದ ಬಸ್ಸಿಗೆ ಹೋದೆ. ಮನೆಯವರೆಲ್ಲ ಕೂಲಿಗೆ ಹೋಗಿದ್ದರು. ಬಾಗಿಲು ತಟ್ಟಿದೆ, ಗುದ್ದಿದೆ. ಎದುರು ಮನೆಯ ಅಮ್ಮ, "ಇತ್ಲಿಗೆ ಓಗವ್ವ, ಅಲ್ಲೇ ಅವ್ರೆ," ಎಂದರು. ಹಿತ್ತಲಿಗೆ ಹೋದರೆ ತಾತ ಆಡಿಗೆ ಸೊಪ್ಪು ಕಟ್ಟುತ್ತಿದ್ದರು. ಗುರುತಿಲ್ಲದ ಹುಡುಗಿ ಹಿತ್ತಲಿಗೆ ಬಂದದ್ದು ಕಂಡು ಕೋಲು ಎತ್ತಿಕೊಂಡರು.

"ಯಾರವ್ವ ನೀನು? ಆಡು ಇಡ್ಕಂಡೋಗಕ್ ಬಂದಿದ್ದೀಯಾ?"

ನಾನು ಕೂಗಿದೆ, ಕೈಸನ್ನೆ ಮಾಡಿದೆ, ಕೊನೆಗೆ ಡಬ್ಬಿಯನ್ನೇ ಬಿಚ್ಚಿ ತೋರಿಸಿದೆ. ಅವರ ಮುಖ ಅರಳಿತು. "ಓ, ಮೊಮ್ಮಗ್ಳು ಕಳ್ಸಿರದು! ಆಸ್ಪತ್ರೇಲಿ ನರ್ಸಾಗವ್ಳೆ." ಕೋಲು ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು, ಮಗುವಿನ ಹಾಗೆ ತಲೆ ಒಡ್ಡಿದರು. ಚೀಟಿ ಓದಿಕೊಂಡು, ಸೆಲ್ ಹಾಕಿ, ಮಿಷನ್ನನ್ನು ಕಿವಿಗೆ ಸಿಕ್ಕಿಸಿ ಗುಂಡಿ ಒತ್ತಿದೆ.

ತಾತ ಅಲುಗಾಡದೆ ಕೂತರು. ಆಡು ಮ್ಯಾ ಎಂದಿತು. ಅವರು ಮೆಲ್ಲಗೆ ಅದರ ಕಡೆ ತಿರುಗಿದರು. ಎಲ್ಲೋ ಕಾಗೆ ಕೂಗಿತು, ಆ ಕಡೆ ತಿರುಗಿದರು. ಅವರ ಕಣ್ಣು ತುಂಬಿಕೊಂಡಿತು. ನನಗೆ ಆರು ತಿಂಗಳಲ್ಲಿ ಒಂದು ಡಬ್ಬಿಯಾದರೂ ನಿಜವಾಗಿ ತಲುಪಿತು ಅನ್ನಿಸಿತು. ಆ ಸಂತೋಷದಲ್ಲಿ ಅವರ ಕಿವಿಯ ಹತ್ತಿರ ಬಾಗಿ, ಇದ್ದ ಶಕ್ತಿಯೆಲ್ಲ ಬಿಟ್ಟು ಕೂಗಿದೆ:

"ಕೇಳ್ತಾ ಅದಾ ತಾತಾ?"

ತಾತ ಬೆಚ್ಚಿಬಿದ್ದು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

"ಯಾಕವ್ವ ಅಂಗ್ ಕಿರುಚ್ತೀಯಾ? ನಾನೇನ್ ಕಿವುಡ್ನಾ?"