ಕೆಂಪು ನೀರಿಗೆ ಗಾಳ

ನಮ್ಮ ಮಾವನವರು ಜೀವಮಾನದಲ್ಲಿ ಹಿಡಿದ ಮೀನುಗಳನ್ನೆಲ್ಲ ಒಂದು ಮೊರಕ್ಕೆ ಹಾಕಿದರೂ ಮೊರದ ತಳ ಕಾಣಿಸುತ್ತದೆ. ಹಿಡಿಯದೆ ಬಂದ ದಿನಗಳಿಗೆ ಅವರು ಕೊಟ್ಟ ಕಾರಣಗಳನ್ನು ತುಂಬಿಡಲು ಮಾತ್ರ ಊರಿನ ಕಣಜಗಳೆಲ್ಲ ಸೇರಿದರೂ ಸಾಲವು! ಹಾಗೆಂದು ಅವರನ್ನು ಕೈಲಾಗದವರು ಎಂದುಕೊಳ್ಳಬೇಡಿ. ಮೀನು ಯಾವ ಮಳೆಯಲ್ಲಿ ಕಚ್ಚುತ್ತದೆ, ಯಾವ ಗಾಳಿಯಲ್ಲಿ ಕಚ್ಚುವುದಿಲ್ಲ ಎಂಬ ವಿದ್ಯೆಯಲ್ಲಿ ನಂಜನಗೂಡಿನಿಂದ ತಿರುಮಕೂಡಲಿನವರೆಗೆ ಕಪಿಲೆಯ ಎರಡೂ ದಡದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತೊಂದರೆ ಒಂದೇ. ಆ ವಿದ್ಯೆ ಮೀನುಗಳಿಗೆ ತಿಳಿದಿರಲಿಲ್ಲ.

ನಾನು ಕವಲಂದೆಯವಳು. ಮದುವೆಯಾಗಿ ಹೊಳೆದಂಡೆಯ ಈ ಹಳ್ಳಿಗೆ ಬಂದಾಗ ನಂಜನಗೂಡಿಗೆ ರೈಲು ಬಂದಿತ್ತು, ಇಲ್ಲಿಗೆ ಎತ್ತಿನ ಗಾಡಿಯೇ ಗತಿ. ಬಂದ ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಮಾವನವರು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಇರುವೆ ಸಾಲನ್ನು ವಿಚಾರಣೆ ಮಾಡುತ್ತಿದ್ದಾರೆ. ಆಮೇಲೆ ಎದ್ದು ಒಂದು ಚಿಟಿಕೆ ಮಣ್ಣು ತೂರಿ ಗಾಳಿ ನೋಡಿದರು. ಎಡ ಮಂಡಿಯನ್ನು ಎರಡು ಸಲ ಮಡಿಸಿ ಬಿಡಿಸಿದರು. ಮೋಡ ಕವಿಯುವ ಮುಂಚೆ ನೋಯುತ್ತಿದ್ದ ಆ ಮಂಡಿಯ ಮೇಲೆ ಅವರಿಗೆ ಪಂಚಾಂಗಕ್ಕಿಂತ ಹೆಚ್ಚು ನಂಬಿಕೆ.

"ಇವಳೇ, ಕಾರ ಅರ್ದಿಡು. ಇವತ್ತು ಕಚ್ತದೆ" ಎಂದು ಅತ್ತೆಗೆ ಹೇಳಿ, ಬಿದಿರು ಕೋಲು ಹೆಗಲಿಗೇರಿಸಿ ಹೊರಟರು.

ಇದು ಆ ಮನೆಯ ಕಟ್ಟಳೆ. ಅವರು ಗಾಳ ಹಿಡಿದು ಹೊಸಿಲು ದಾಟಿದ ಕ್ಷಣವೇ ಒಳಗೆ ಮೀನುಸಾರಿಗೆ ಖಾರ ಅರೆಯಲು ಶುರುವಾಗಬೇಕು. ಮೀನು ಬಂದ ಮೇಲೆ ಅರೆದರಾಗದೆ ಎಂದು ಅತ್ತೆ ಒಮ್ಮೆ ಕೇಳಿದ್ದರಂತೆ. "ಮನೇಲೇ ನಂಬ್ಕೆ ಇಲ್ದಿದ್ರೆ ಒಳೇಲಿ ಮೀನು ಎಂಗೆ ಬತ್ತದೆ?" ಎಂದಿದ್ದರಂತೆ ಇವರು. ಆದ್ದರಿಂದ ಅತ್ತೆ ತೆಂಗಿನಕಾಯಿ, ಧನಿಯ, ಹುಣಸೆಹಣ್ಣು ಇಟ್ಟುಕೊಂಡು ನುಣ್ಣಗೆ ಅರೆಯುವರು. ಮಧ್ಯಾಹ್ನ ಮಾವನವರು ಖಾಲಿ ಬುಟ್ಟಿ ತಂದು ಮೂಲೆಗಿಡುವರು. ಅತ್ತೆ ಬದನೆಕಾಯಿ ಸೀಳಿ ಆ ಖಾರಕ್ಕೆ ಹಾಕುವರು. ಮೊದಲ ಆರು ತಿಂಗಳು ನಾನು ಇದು ಈ ಊರಿನ ವಿಶೇಷ ಅಡುಗೆ ಎಂದೇ ತಿಳಿದಿದ್ದೆ. ಹೊಸ ಸೊಸೆ, ಕೇಳುವುದು ಯಾರನ್ನು?

ಜಗಲಿಯಲ್ಲಿ ಕೇಳುವವರು ಸಿಕ್ಕಿದರೆ ಮಾವನವರ ಉಪನ್ಯಾಸ ಮಳೆ ನಕ್ಷತ್ರಗಳ ಮೇಲೆ ಹೊರಳುತ್ತಿತ್ತು. ಊರಿನವರೆಲ್ಲ ಯಾವ ಮಳೆಗೆ ರಾಗಿ, ಯಾವ ಮಳೆಗೆ ಎಳ್ಳು ಎಂದು ಲೆಕ್ಕ ಹಾಕಿದರೆ ಇವರದು ಬೇರೆಯೇ ಬೇಸಾಯ. "ಕೃತ್ತಿಕೆ ಮಳೇಲಿ ಮೀನು ನಿದ್ದೆಯಿಂದ ಏಳ್ತದೆ, ಇನ್ನೂ ಆಕಳಿಸ್ತಾ ಇರ್ತದೆ. ರೋಣಿ ಮಳೇಲಿ ಒಟ್ಟೆ ಅಸೀತದೆ. ಮಿರ್ಗೇಲಿ ಅದಕ್ಕೆ ನೆಂಟರ ಮನೆ ಓಡಾಟ. ಅಸ್ಲೆ ಮಳೇಲಿ ಮಾತ್ರ ಗಾಳ ಮುಟ್ಟಬ್ಯಾಡಿ ಕಣ್ರಪ್ಪ. ಕೆಂಪು ನೀರು ಬಂದ್ರೆ ಮೀನ್ಗೆ ಕಣ್ಣು ಕಾಣಕಿಲ್ಲ, ಗಾಳ ಮೂಗಿಗೆ ತಗುಲುದ್ರೂ ಕಚ್ಚಕಿಲ್ಲ." ಸೋಮವಾರ ನಂಜುಂಡೇಶ್ವರನ ವಾರವಾದ್ದರಿಂದ ಅವರು ಗಾಳ ಮುಟ್ಟುತ್ತಿರಲಿಲ್ಲ. ಅದು ಮೀನುಗಳಿಗೆ ಹೇಗೋ ತಿಳಿದುಹೋಗಿದೆ, ಸೋಮವಾರ ಬಂತೆಂದರೆ ಹೊಳೆಯ ಮೆಟ್ಟಿಲವರೆಗೂ ಬಂದು ಕುಣಿಯುತ್ತವೆ ಎಂಬುದು ಅವರ ದೂರು.

ನಾನು ಬರುವ ಮುಂಚೆ ನಡೆದದ್ದೊಂದನ್ನು ನನ್ನ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಿದ್ದರು. ನಾಲೆಯ ಅಳತೆಗೆ ಬಂದು ತೋಪಿನಲ್ಲಿ ಡೇರೆ ಹಾಕಿದ್ದ ಸಾಹೇಬರೊಬ್ಬರಿಗೆ ಮೀನು ಹಿಡಿಯುವ ಆಸೆಯಾಯಿತು. ಊರಿನಲ್ಲಿ ಇದರ ಪಂಡಿತರು ಯಾರು ಎಂದು ಕೇಳಿದಾಗ ಜನ ಕುಚೋದ್ಯಕ್ಕೋ ಏನೋ ಮಾವನವರನ್ನು ಮುಂದೆ ನೂಕಿದರು. ಇವರು ಆಕಾಶ ನೋಡಿದರು, ನೀರಿನ ಮೇಲಿನ ಏರೋಪ್ಲೇನ್ ಚಿಟ್ಟೆ ನೋಡಿದರು. ಏರೋಪ್ಲೇನ್ ಆಗ ಎಲ್ಲಿತ್ತು, ಈಗಿನ ಮಕ್ಕಳ ಮಾತು ನನ್ನ ಬಾಯಿಗೂ ಬಂದುಬಿಟ್ಟಿದೆ. ಮಂಡಿಯನ್ನೂ ಕೇಳಿ, "ಇವತ್ತು ಕಚ್ಚಕಿಲ್ಲ ಸಾ. ಪಡುವಲ ಗಾಳಿ" ಎಂದರು. ಸಾಹೇಬರು ಸುಮ್ಮನೆ ಗಾಳ ಎಸೆದರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿಗೆ ತೋಳುದ್ದದ ಬಾಳೆಮೀನು ದಡದ ಮೇಲೆ ಬಿದ್ದು ಒದ್ದಾಡುತ್ತಿತ್ತು. ಎಲ್ಲರ ಕಣ್ಣೂ ಮಾವನವರ ಮೇಲೆ. ಅವರು ಬಗ್ಗಿ ಆ ಮೀನನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರಂತೆ: "ಇದು ನಮ್ಮೂರ್ದಲ್ಲ ಸಾ. ಉಲ್ಲಳ್ಳಿ ಕಡೆಯಿಂದ ಬಂದಿರೋ ಮೀನು. ಇಲ್ಲಿ ಹವಾ ಅದಕ್ಕೆ ಗೊತ್ತಿಲ್ಲ."

ಇಂಥವರಿಗೆ ಊರಿನಲ್ಲಿ ಒಬ್ಬ ವೈರಿ ಬೇಡವೇ? ಇದ್ದ, ಬೇಲಿಯಾಚೆಯ ಮನೆಯ ಕೆಂಪಣ್ಣ. ಆತ ಗಾಳ ಹಿಡಿದವನೇ ಅಲ್ಲ. ಗದ್ದೆಯ ನೀರು ಹರಿಯುವ ಬಾಯಿಗೆ ಬಿದಿರಿನ ಕೂಳಿ ಇಟ್ಟು ಮನೆಗೆ ಹೋಗಿ ಮಲಗುವನು. ಒಳಗೆ ನುಗ್ಗಿದ ಮೀನು ಹೊರಗೆ ಬರುವಂತಿಲ್ಲ, ಬುಟ್ಟಿಯ ಹೆಣಿಗೆ ಹಾಗಿರುತ್ತದೆ. ಬೆಳಿಗ್ಗೆ ಎತ್ತಿಕೊಂಡು ಬಂದರಾಯಿತು. ಮಾವನವರಿಗೆ ಇದು ಸಹಿಸದು. "ಕೂಳಿ ಇಡೋದು ಕಳ್ಳರ ಕೆಲ್ಸ. ಮೀನು ತಾನಾಗಿ ಒಪ್ಪಿ ಕಚ್ಬೇಕು" ಎಂದು ನಾಲ್ಕು ಜನರ ಎದುರು ಅಂದುಬಿಟ್ಟಿದ್ದರು. ಅಂದಿನಿಂದ ಏಳು ವರ್ಷ ಎರಡು ಮನೆಯ ಯಜಮಾನರಿಗೂ ಮಾತಿಲ್ಲ. ಹೆಂಗಸರು ನಾವು ಬೇಲಿಯ ಸಂದಿಯಲ್ಲಿ ಕರಿಬೇವು, ಮಜ್ಜಿಗೆ ಕೊಟ್ಟು ತೆಗೆದುಕೊಂಡು ಇದ್ದೆವು.

ಇಷ್ಟು ಹೊತ್ತು ನಗಿಸಿದೆ. ಇನ್ನು ಹೇಳುವುದು ನನ್ನದೇ ಕಥೆ.

ಮದುವೆಯಾದ ಮೂರು ವರ್ಷದಲ್ಲಿ ಎರಡು ಬಸಿರು ನಿಲ್ಲದೆ ಹೋದವು. ಮೂರನೆಯದಕ್ಕೆ ಮೂರು ತಿಂಗಳು ತುಂಬುವಾಗ ಆಶ್ಲೇಷ ಮಳೆ, ಮಾವನವರು ಗಾಳ ಮುಟ್ಟಬೇಡಿ ಎನ್ನುತ್ತಿದ್ದ ಅದೇ ಅಸ್ಲೆ. ನಮ್ಮಲ್ಲಿ ತುಂತುರಷ್ಟೆ, ಸುರಿಯುತ್ತಿದ್ದುದು ಮೇಲೆ ವೈನಾಡಿನ ಬೆಟ್ಟಗಳಲ್ಲಿ. ಕಪಿಲೆ ಕೆಂಪಾಗಿ ಉಬ್ಬಿ ದಡದ ಗದ್ದೆಗಳಿಗೆ ನುಗ್ಗಿದ್ದಳು. ನನಗೆ ಅಂಬಲಿ ಇಳಿಯದು, ಗಂಜಿ ಇಳಿಯದು, ಇಳಿದದ್ದು ಮರುಗಳಿಗೆಗೆ ವಾಪಸು. ಗೋಡೆ ಹಿಡಿದು ನಡೆಯುವಂತಾಗಿದ್ದೆ. ಸೂಲಗಿತ್ತಿ ಬಂದು ಕಣ್ಣರೆಪ್ಪೆ ಬಿಡಿಸಿ ನೋಡಿ, ಅತ್ತೆಗೆ ಮೆಲ್ಲಗೆ ಹೇಳಿದಳು: "ಒಟ್ಟೇಲಿ ಏನಾರ ಉಳುದ್ರೆ ಕೂಸು ಉಳ್ದಾತು ಕಣಕ್ಕ. ಇಲ್ದಿದ್ರೆ ಇದೂ ಓದಂಗೆಯ." ಆಮೇಲೆ ನನ್ನ ಕಡೆ ತಿರುಗಿ, "ಏನವ್ವ ಬಯ್ಕೆ? ನಾಚ್ಕೊಬ್ಯಾಡ" ಎಂದಳು.

"ಮೀನುಸಾರು" ಎಂದೆ. ಅಂದದ್ದೇ ಅಳು ಬಂತು. ಬೇರೆ ಯಾವ ಮನೆಯಲ್ಲಿ ಕೇಳಿದ್ದರೂ ಆಗುತ್ತಿತ್ತು! ಅತ್ತೆ ಖಾರ ಅರೆದು ಬದನೆಕಾಯಿ ಹಾಕಿ ಕೊಟ್ಟು ನೋಡಿದರು. ಅದೂ ನಿಲ್ಲಲಿಲ್ಲ.

ಜಗಲಿಯಲ್ಲಿದ್ದ ಮಾವನವರಿಗೆ ಎಲ್ಲ ಕೇಳಿಸಿತ್ತು. ಇರುವೆ ನೋಡಲಿಲ್ಲ, ಮಣ್ಣು ತೂರಲಿಲ್ಲ. ಕಂಬಳಿ ಕೊಪ್ಪೆ ಹೊದ್ದು ಗಾಳ ಹಿಡಿದು ಹೊರಟೇಬಿಟ್ಟರು. "ಕೆಂಪು ನೀರ್ಗೆ ಕಚ್ಚಕಿಲ್ಲ ಅಂತೀರಲ್ಲ?" ಎಂದರು ಅತ್ತೆ. ಆ ದಿನ ಸಂಜೆ ಖಾಲಿ ಬಂದರು. ಮಾರನೆಯ ದಿನವೂ ಖಾಲಿ, ಮೈಯೆಲ್ಲ ನೆನೆದು ತುಟಿ ನೀಲಿಯಾಗಿತ್ತು. ನಮಗೆಲ್ಲ ಭಯವಾದದ್ದು ಖಾಲಿ ಬುಟ್ಟಿ ಕಂಡಲ್ಲ. ಎರಡು ದಿನವೂ ಅವರು ಒಂದು ಕಾರಣವನ್ನೂ ಹೇಳಲಿಲ್ಲ.

ಮೂರನೆಯ ಬೆಳಿಗ್ಗೆ ನಾನು ಹಿತ್ತಿಲಲ್ಲಿ ವಾಂತಿ ಮಾಡಿ ಬಾಳೆಗಿಡ ಹಿಡಿದು ನಿಂತಿದ್ದೆ. ಬೇಲಿಯಾಚೆ ಧ್ವನಿ ಕೇಳಿಸಿತು. ಮಾವನವರು ಕೆಂಪಣ್ಣನ ಬಾಗಿಲಲ್ಲಿ ನಿಂತಿದ್ದರು.

"ಕೆಂಪಣ್ಣ, ಆ ಕೂಳಿ ಇವತ್ತೊಂದಿನ ಕೊಡು."

ಆತ ಹೊಸಿಲಿಗೆ ಬಂದ. "ಕಳ್ಳರ ಕೆಲ್ಸ ಅಂದಿದ್ಯಲ್ಲಪ್ಪ."

"ಅಂದಿದ್ದೆ. ಇವತ್ತು ಕಳ್ಳ ನಾನೇ ಅನ್ಕೊ. ಸೊಸೆ ಮೂರನೇ ಸಲದ ಬಸ್ರಿ ಕಣೋ. ಒಟ್ಟೆಗೆ ಏನೂ ನಿಲ್ತಿಲ್ಲ."

"ಮೊದ್ಲೇ ಬರದಲ್ವಾ," ಎಂದ ಕೆಂಪಣ್ಣ. ಗೋಡೆಯ ಗೂಟದಿಂದ ಕೂಳಿ ಇಳಿಸಿದ. "ನಿಂಗೆ ಇಡಕೆ ಬರಕಿಲ್ಲ, ನಡಿ, ನಾನೂ ಬತ್ತೀನಿ. ನೀರು ಕೆಂಪಾದ್ರೆ ಮೀನು ಒಳೇಲಿ ಎಲ್ಲಿರ್ತವೆ? ಗದ್ದೆಗೆ ಏರಿರ್ತವೆ."

ಇಷ್ಟು ವರ್ಷದ ಶಾಸ್ತ್ರದಲ್ಲಿ ಈ ಒಂದು ಅಧ್ಯಾಯ ಮಾವನವರಿಗೆ ತಪ್ಪಿಹೋಗಿತ್ತು. ಇಬ್ಬರೂ ಮಂಡಿಯುದ್ದ ಕೆಸರಿನಲ್ಲಿ ಹೋದರು.

ಮಧ್ಯಾಹ್ನ ಮಡಕೆಯಲ್ಲಿ ಏಳು ಮೀನು ಬಂದವು, ಗೇಣುದ್ದಕ್ಕಿಂತ ಚಿಕ್ಕವು. ಮಾವನವರು ಗಾಳದ ಕೋಲನ್ನೂ ಜೊತೆಗೆ ಹೊತ್ತುಕೊಂಡೇ ಬಂದಿದ್ದರು. "ಎಲ್ಲಾ ಗಾಳಕ್ಕೇ ಬಿದ್ವು" ಎಂದು ಬೀದಿಗೆ ಕೇಳುವಂತೆ ಹೇಳಿದರು. ಅತ್ತೆ ಬೂದಿ ಹಾಕಿ ಮೀನು ಉಜ್ಜುತ್ತ ಒಂದೊಂದರ ಬಾಯಿಯನ್ನೂ ನೋಡಿದರು. ಒಂದರಲ್ಲೂ ಗಾಳ ಚುಚ್ಚಿದ ಗುರುತಿರಲಿಲ್ಲ. ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. "ಊಂ, ಚೆನ್ನಾಗೇ ಕಚ್ಚವೆ" ಎಂದು ಹೊರಗೆ ಕೇಳುವಂತೆ ಹೇಳಿ, ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅನ್ನಕ್ಕೆ ಸಾರು ಕಲಸಿ ನಾಲ್ಕು ತುತ್ತು ಉಂಡೆ. ಕಾದೆ. ಮತ್ತೆ ನಾಲ್ಕು ತುತ್ತು ಉಂಡೆ. ಆ ಕಾಲದಲ್ಲಿ ಮಾವ ಸೊಸೆಯೊಡನೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಮೂರು ವರ್ಷದಲ್ಲಿ ಅವರ ಒಂದು ಮಾತೂ ನನ್ನ ಹೆಸರಿಗೆ ಬಂದಿರಲಿಲ್ಲ, ಏನಿದ್ದರೂ ಅತ್ತೆಯ ಮೂಲಕ. ಆ ದಿನ ಅಡುಗೆಮನೆಯ ಬಾಗಿಲಾಚೆಯಿಂದ, ಒದ್ದೆ ಕಂಬಳಿಯ ವಾಸನೆಯ ಜೊತೆಗೆ, ಸಣ್ಣ ದನಿ ಬಂತು.

"ಅವ್ವ, ಒಟ್ಟೇಲಿ ಉಳೀತಾ?"

"ಉಳೀತು ಮಾವ," ಎಂದೆ. "ಇನ್ನೊಂದ್ ಸೌಟು ಆಕುಸ್ಕತೀನಿ."

ಬಗ್ಗಿ ನೋಡಿದೆ. ಸಾಹೇಬರ ಮುಂದೆ ತಲೆ ತಗ್ಗಿಸದ ಆ ಮನುಷ್ಯ ಗೋಡೆಗೆ ಒರಗಿ ಕೂತು, ಕಂಬಳಿಯ ಅಂಚನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಮಾಘ ಮಾಸದಲ್ಲಿ ನನ್ನ ಮಗಳು ಹುಟ್ಟಿದಳು. ಈಗ ಅವಳೇ ಮಕ್ಕಳಿಗೆ ಅನ್ನ ಕಲಸುತ್ತಾಳೆ. ಆ ಕೈಯನ್ನು ಕಂಡಾಗಲೆಲ್ಲ ನಾನು ಮನಸ್ಸಿನಲ್ಲೇ ನಮ್ಮ ಮಾವನವರಿಗೆ ಕೈಮುಗಿಯುತ್ತೇನೆ.